ಹಳೇ ಹಾರ್ಡ್‌ಡಿಸ್ಕೂ ಹದಿನಾರು ಕೋಣಗಳೂ

ಮೊನ್ನೆ ಕಾರ್ಕಳಕ್ಕೆ ಹೋದಾಗ ಅಟ್ಟದಲ್ಲಿ ನಮ್ಮ ಹಳೇ ಕಂಪ್ಯೂಟರ್ ಸಿಕ್ಕಿತು. ಒಳಗೆ 40 ಜಿಬಿಯ ಐಡಿಇ ಹಾರ್ಡ್‌ಡಿಸ್ಕ್. ತೀರಿಹೋದ ಅಜ್ಜ ಹೇಳಿದ ಕತೆಗಳನ್ನು ಅಪ್ಪ ‘ಬರಹ’ದಲ್ಲಿ ಕುಟ್ಟಿಟ್ಟದ್ದು ಅದರಲ್ಲೇ. ಬೇರೆ ಪ್ರತಿ ಇಲ್ಲ!

ಐಡಿಇ ಡಿಸ್ಕ್ ಕಾಣಿಸಿಕೊಂಡದ್ದು 1986ರಲ್ಲಿ, ಕಾಂಪ್ಯಾಕ್ ಕಂಪ್ಯೂಟರುಗಳಲ್ಲಿ. ಅದರ ಅತಿ ನಿಧಾನದ ಮೋಡ್ ಸೆಕೆಂಡಿಗೆ 2.1 ಎಂಬಿ. ಆಮೇಲೆ 33, 66, 100 ಎಂದು ಏರುತ್ತಾ 2001ರ ಹೊತ್ತಿಗೆ 133. ಅಲ್ಲಿಗೆ ನಿಂತಿತು. ಯಾಕೆ ಗೊತ್ತೇ? ನಮ್ಮ ಮಿಯ್ಯಾರು ಕಂಬಳ ನೆನಪಿಸಿಕೊಳ್ಳಿ. ಒಂದು ನೊಗದ ಎರಡು ಕೋಣಗಳನ್ನು ಸಮನಾಗಿ ಓಡಿಸುವುದೇ ಕಷ್ಟ. ಐಡಿಇಯ ಚಪ್ಪಟೆ ಕೇಬಲಿನಲ್ಲಿ 16 ಬಿಟ್‌ಗಳು ಒಟ್ಟಿಗೆ ಹೊರಟು ಒಟ್ಟಿಗೇ ಮುಟ್ಟಬೇಕು. ವೇಗ ಹೆಚ್ಚಿದಷ್ಟೂ ಒಂದು ಮುಂದೆ, ಒಂದು ಹಿಂದೆ. ಪಕ್ಕದ ತಂತಿಗಳ ಗಲಾಟೆ ಬೇರೆ. 66ರ ಹಂತದಲ್ಲೇ 40 ತಂತಿಯ ಕೇಬಲನ್ನು 80 ತಂತಿಯದ್ದು ಮಾಡಬೇಕಾಯಿತು. ಹೆಚ್ಚಿಗೆ ಸೇರಿದ 40 ಬರೀ ಗ್ರೌಂಡ್. 2003ರಲ್ಲಿ ಬಂದ ಸಾಟಾ, ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸಿ ಮೊದಲ ಹೆಜ್ಜೆಗೇ 150 ಮುಟ್ಟಿತು.

ಆದರೆ ಈ ಅಂಕಿಗಳೆಲ್ಲ ದಾರಿಯ ಅಳತೆ, ಡಿಸ್ಕಿನದ್ದಲ್ಲ. ಆ ಕಾಲದ ತಿರುಗುವ ಡಿಸ್ಕ್ ಓದುತ್ತಿದ್ದದ್ದು 50ರ ಆಸುಪಾಸು. ಯುಎಸ್‌ಬಿ 1.1ರಲ್ಲಾದರೆ (ಸೆಕೆಂಡಿಗೆ 1.5 ಎಂಬಿ) 40 ಜಿಬಿಗೆ ಏಳು ಗಂಟೆ ಮೀರುತ್ತಿತ್ತು. 2.0ರಲ್ಲಿ (60 ಎಂಬಿ) ಕಾಗದದ ಮೇಲೆ ಹನ್ನೊಂದೇ ನಿಮಿಷ! ಅಡಾಪ್ಟರ್ ಸಿಕ್ಕಿಸಿ ಕೂತೆ. ಡಿಸ್ಕ್ ಅಲ್ಲಲ್ಲಿ ಕೆಟ್ಟಿತ್ತು. ತಡವರಿಸುತ್ತಾ ರಾತ್ರಿಯಿಡೀ ಓದಿತು. ಒಂದು ಕತೆ ಬಿಟ್ಟು ಉಳಿದವೆಲ್ಲ ಸಿಕ್ಕವು. ಆ ಒಂದು ಈಗ ಯಾರಿಗೂ ಪೂರ್ತಿ ನೆನಪಿಲ್ಲ.

ನಿಮ್ಮ ಅಟ್ಟದಲ್ಲೂ ಹಳೇ ಡಿಸ್ಕ್ ಇದ್ದರೆ ಈ ವಾರವೇ ಕೆಳಗಿಳಿಸಿ ಮಾರಾಯ್ರೆ.