ಬಿದ್ದ ಪ್ರೋಗ್ರಾಮಿನ ಪಂಚನಾಮೆ: ಕ್ರ್ಯಾಶ್ ಡಂಪ್ ನಡೆದು ಬಂದ ದಾರಿ



ನಮ್ಮ ಯುವ ಸಂಘದ ಸ್ಮರಣ ಸಂಚಿಕೆಗೆ ಪುಟ ಜೋಡಿಸುವಾಗ ಆದ ಫಜೀತಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದಾನಿಗಳ ಪಟ್ಟಿ ಇರುವ ಪುಟದಲ್ಲಿ ಹೊಸ ಸಾಲು ಸೇರಿಸಿದ ಕೂಡಲೇ ಆ ಪ್ರೋಗ್ರಾಮು ಒಂದು ಮಾತೂ ಹೇಳದೆ ಮುಚ್ಚಿಕೊಳ್ಳುತ್ತಿತ್ತು. ಒಂದೇ ಸಂಜೆ ಮೂರು ಸಲ. ತಯಾರಿಸಿದವರಿಗೆ ಬರೆದೆವು. ಉತ್ತರ ಒಂದೇ ಸಾಲು: ಡಂಪ್ ಫೈಲ್ ಇದ್ದರೆ ಕಳಿಸಿ. ನಮ್ಮ ಹತ್ತಿರ ಅಂಥದ್ದು ಇರಲಿಲ್ಲ.

"ಡಂಪ್ ಅಂದ್ರೆ ಕಸ ಸುರಿಯೋದು ಅಲ್ವೇನಣ್ಣಾ?" ಎಂದು ಸಂಘದ ತಂಗಿಯೊಬ್ಬಳು ಕೇಳಿದಳು. ಸುರಿಯುವುದು ಅನ್ನುವ ಮಟ್ಟಿಗೆ ಅವಳು ಹೇಳಿದ್ದು ಸರಿ. ಪ್ರೋಗ್ರಾಮು ಬಿದ್ದ ಆ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಏನೇನಿತ್ತೋ ಅದನ್ನು ಒಂದು ಫೈಲಿಗೆ ಸುರಿದು ಇಡುವುದೇ ಡಂಪ್. ರಸ್ತೆಯಲ್ಲಿ ಅಪಘಾತವಾದರೆ ಗಾಡಿ ಎತ್ತುವ ಮುಂಚೆ ಪೊಲೀಸರು ಗೆರೆ ಎಳೆದು ಪಂಚನಾಮೆ ಬರೆಯುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಪಂಚನಾಮೆ ಬೇಕು ಅಂತ ಅಪಘಾತಕ್ಕೆ ಮುಂಚೆಯೇ ಹೇಳಿಟ್ಟಿರಬೇಕು. ಆಮೇಲೆ ಕೇಳಿದರೆ ರಸ್ತೆ ಖಾಲಿ. ಹೀಗೆ ಯಾಕೆ ಅಂತ ಹುಡುಕುತ್ತಾ ಹೋದಾಗ ಅರವತ್ತು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1950ರ ದಶಕದಲ್ಲಿ ಕಂಪ್ಯೂಟರಿನ ಮೆಮೊರಿ ಎಂದರೆ ಪುಟ್ಟ ಪುಟ್ಟ ಫೆರೈಟ್ ಉಂಗುರಗಳನ್ನು ತೆಳು ತಂತಿಗೆ ಪೋಣಿಸಿ ಹೆಣೆದ ಬಲೆ. ಒಂದು ಉಂಗುರಕ್ಕೆ ಒಂದು ಬಿಟ್. ಆ ಉಂಗುರಕ್ಕೆ 'ಕೋರ್' ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿದ್ದ ವರ್ಲ್‌ವಿಂಡ್ ಯಂತ್ರಕ್ಕೆ 1953ರಲ್ಲಿ ಇಂಥ ಮೆಮೊರಿ ಕೂರಿಸಿದರು. ನಮ್ಮ ದೇಶದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೇ ಕಟ್ಟಿ 1960ರಲ್ಲಿ ಕೆಲಸಕ್ಕೆ ಬಿಟ್ಟ ಟಿಫ್ರಾಕ್‌ನಲ್ಲೂ ಇದೇ ಕೋರ್ ಮೆಮೊರಿ: 40 ಬಿಟ್ಟಿನ 2048 ಪದಗಳು. ಲೆಕ್ಕ ಹಾಕಿದರೆ ಸುಮಾರು 10 ಕಿಲೋಬೈಟ್. ವಾಟ್ಸಾಪಿಗೆ ದಿನಾ ಬೆಳಿಗ್ಗೆ ಬರುವ ಒಂದು ಶುಭೋದಯದ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ!

ಮೆಮೊರಿ ಅಷ್ಟು ಚಿಕ್ಕದಿದ್ದಾಗ ಅದರೊಳಗಿದ್ದದ್ದನ್ನೆಲ್ಲಾ ಕಾಗದದ ಮೇಲೆ ಅಚ್ಚು ಹಾಕಿಬಿಡಬಹುದಿತ್ತು. ಅದೇ 'ಕೋರ್ ಡಂಪ್'. ಪ್ರೋಗ್ರಾಮು ಬರೆದವನು ಯಂತ್ರದ ಮುಂದೆ ಕೂರುವ ಕಾಲವೂ ಅದಲ್ಲ. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಹೋಗುವುದು, ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯುವುದು. ನಡುವೆ ಪ್ರೋಗ್ರಾಮು ಬಿದ್ದಿದ್ದರೆ ಅದು ಹೇಗೆ ಬಿತ್ತು ಎಂದು ಹೇಳಲು ಆ ಕಾಗದದ ಕಟ್ಟು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು, ಸಾಲು ಸಾಲು ಅಂಕಿಗಳ ನಡುವೆ ತಪ್ಪು ಹುಡುಕುತ್ತಿದ್ದರು.

1964ರಲ್ಲಿ ಐಬಿಎಂ ಕಂಪನಿ ಸಿಸ್ಟಂ/360 ಯಂತ್ರಗಳನ್ನು ಪ್ರಕಟಿಸಿತು. ಅವುಗಳ ಓಎಸ್/360ರಲ್ಲಿ ಕೆಲಸ ಅರ್ಧಕ್ಕೆ ನಿಂತರೆ 'ಅಬೆಂಡ್' ಎನ್ನುತ್ತಿದ್ದರು. ಡಂಪ್ ಬೇಕಾದವರು ತಮ್ಮ ಕಾರ್ಡುಗಳ ಕಟ್ಟಿನಲ್ಲಿ 'ಸಿಸ್‌ಯುಡಂಪ್' ಎಂಬ ಹೆಸರಿನ ಒಂದು ಕಾರ್ಡು ಮೊದಲೇ ಸೇರಿಸಿರಬೇಕಿತ್ತು. ಸೇರಿಸದಿದ್ದರೆ ಸಿಗುವುದು ಬರೀ ಒಂದು ತಪ್ಪಿನ ಸಂಖ್ಯೆ. ಅಂಕಿ ಇರಬೇಕಾದ ಕಡೆ ಬೇರೇನೋ ಇದ್ದರೆ 0ಸಿ7 ಎಂದು ಬರುತ್ತಿತ್ತು, ಅಷ್ಟೇ. ಯಾವ ದಾಖಲೆಯ ಯಾವ ಅಂಕಿ ಎಂಬುದು ಡಂಪಿನಲ್ಲೇ ನೋಡಬೇಕು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಸಂಘದ ಕೋಣೆಯಲ್ಲಿ ಆದದ್ದೂ ಇದೇ ತಾನೇ? ಕಾರ್ಡು ಇಟ್ಟಿರಲಿಲ್ಲ.

ಮುಂದೆ ಫೆರೈಟ್ ಉಂಗುರಗಳು ಹೋಗಿ ಸಿಲಿಕಾನ್ ಚಿಪ್ ಬಂತು, ಹೆಸರು ಮಾತ್ರ ಹೋಗಲಿಲ್ಲ. ಯೂನಿಕ್ಸಿನಲ್ಲಿ ಪ್ರೋಗ್ರಾಮು ಬಿದ್ದರೆ ಅದು ಕೆಲಸ ಮಾಡುತ್ತಿದ್ದ ಫೋಲ್ಡರಿನಲ್ಲೇ 'ಕೋರ್' ಎಂಬ ಫೈಲು ಹುಟ್ಟುತ್ತಿತ್ತು. ಡಿಸ್ಕಿನ ಜಾಗ ತಿನ್ನುತ್ತದೆ ಎಂಬ ಗೊಣಗಾಟ ಬೇರೆ. ಆಮೇಲೆ ಅದಕ್ಕೊಂದು ಮಿತಿ ಬಂತು; ಇವತ್ತಿಗೂ ಎಷ್ಟೋ ಲಿನಕ್ಸ್ ಕಂಪ್ಯೂಟರುಗಳಲ್ಲಿ ಟರ್ಮಿನಲ್ ತೆರೆದು 'ಯುಲಿಮಿಟ್ -ಸಿ' ಎಂದು ಕೇಳಿದರೆ ಬರುವ ಉತ್ತರ 0. ಅಂದರೆ ಕೋರ್ ಫೈಲು ಬರೆಯಬೇಡ ಎಂದು ಅರ್ಥ.

ಜಾಗದ ಮಾತು ಅರ್ಧ ಕಾರಣ. ಇನ್ನರ್ಧ ಭಯ. ಮೆಮೊರಿಯಲ್ಲಿ ಇದ್ದದ್ದೆಲ್ಲಾ ಡಂಪಿಗೆ ಬೀಳುತ್ತದೆ. ಪಾಸ್‌ವರ್ಡ್, ಪತ್ರ, ಲೆಕ್ಕ, ಏನಿದ್ದರೂ. 1990ರ ದಶಕದಲ್ಲಿ ಕೆಲವರು ಎಫ್‌ಟಿಪಿ ಸರ್ವರನ್ನು ಬೇಕೆಂದೇ ಬೀಳಿಸಿ, ಅದು ಬಿಟ್ಟುಹೋದ ಕೋರ್ ಫೈಲಿನಿಂದ ಪಾಸ್‌ವರ್ಡಿನ ಸಾಲುಗಳನ್ನು ಹೆಕ್ಕುತ್ತಿದ್ದರು.

ನಮ್ಮ ಮೇಜಿನ ಕಂಪ್ಯೂಟರಿಗೆ ಬರೋಣ. 1990ರ ದಶಕದ ವಿಂಡೋಸಿನಲ್ಲಿ ಡಾಕ್ಟರ್ ವಾಟ್ಸನ್ ಎಂಬ ಪುಟ್ಟ ಪ್ರೋಗ್ರಾಮು ಇತ್ತು. ಮೊದಲು ಅದಕ್ಕೆ ಇಟ್ಟಿದ್ದ ಹೆಸರು ಷರ್ಲಾಕ್. ಪತ್ತೇದಾರನ ಬದಲು ಅವನ ಗೆಳೆಯನ ಹೆಸರು ಉಳಿಯಿತು. ಬಿದ್ದ ಪ್ರೋಗ್ರಾಮಿನ ವರದಿಯನ್ನು ಈ ವಾಟ್ಸನ್ ನಿಮ್ಮ ಡಿಸ್ಕಿನಲ್ಲೇ ಬರೆದಿಡುತ್ತಿತ್ತು. ಅದನ್ನು ತಯಾರಕರಿಗೆ ಮುಟ್ಟಿಸುವುದು ನಿಮ್ಮ ಪಾಲಿನ ಕೆಲಸ. ಯಾರು ಮಾಡುತ್ತಾರೆ?

ಇಂಟರ್ನೆಟ್ ಬಂದ ಮೇಲೆ ಆ ಕಷ್ಟ ತಪ್ಪಿತು. ನೆಟ್‌ಸ್ಕೇಪ್ ಬ್ರೌಸರಿನಲ್ಲಿ ಟಾಕ್‌ಬ್ಯಾಕ್ ಬಂತು, 2001ರಲ್ಲಿ ಆಫೀಸ್ ಎಕ್ಸ್‌ಪಿ ಮತ್ತು ವಿಂಡೋಸ್ ಎಕ್ಸ್‌ಪಿಯಲ್ಲಿ "ವರದಿ ಕಳಿಸಲೇ, ಬೇಡವೇ" ಎಂದು ಕೇಳುವ ಆ ಕಿಟಕಿ ಬಂತು. ಪೂರ್ತಿ ಮೆಮೊರಿ ಕಳಿಸುವುದು ಆಗದ ಮಾತು. ಹಾಗಾಗಿ ಮಿನಿಡಂಪ್ ಬಳಕೆಗೆ ಬಂತು. ಯಾವ ಯಾವ ಭಾಗಗಳು ಓಡುತ್ತಿದ್ದವು, ಯಾವ ಕರೆಯ ಹಿಂದೆ ಯಾವ ಕರೆ ಇತ್ತು ಎಂಬಷ್ಟು ಮಾತ್ರ, ಸಾಮಾನ್ಯವಾಗಿ ಕೆಲವೇ ಕಿಲೋಬೈಟುಗಳಲ್ಲಿ. ನಾವೆಲ್ಲ ಬೇಸರದಿಂದ "ಬೇಡ" ಒತ್ತುತ್ತಿದ್ದ ಆ ಕಿಟಕಿಯಿಂದ ಒಂದು ದೊಡ್ಡ ಸಂಗತಿ ಗೊತ್ತಾಯಿತು. 2002ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಗ್ರಾಹಕರಿಗೆ ಬರೆದ ಪತ್ರದ ಪ್ರಕಾರ, ಬಂದ ದೋಷಗಳಲ್ಲಿ ಸುಮಾರು 80 ಶೇಕಡಕ್ಕೆ ಕಾರಣ 20 ಶೇಕಡ ತಪ್ಪುಗಳು. ಅರ್ಧದಷ್ಟು ದೋಷಗಳಿಗೆ ಕಾರಣ ಬರೀ 1 ಶೇಕಡ ತಪ್ಪುಗಳು. ಯಾವುದನ್ನು ಮೊದಲು ಸರಿಪಡಿಸಬೇಕು ಎಂದು ಊಹಿಸುವ ಬದಲು ಎಣಿಸಿ ನೋಡಬಹುದಾಯಿತು. 2009ರಲ್ಲಿ ಅಲ್ಲಿನ ಇಂಜಿನಿಯರುಗಳು ಬರೆದ ಪ್ರಬಂಧದ ಹೊತ್ತಿಗೆ ಆ ವ್ಯವಸ್ಥೆಯ ಹಿಂದೆ ನೂರು ಕೋಟಿ ಕಂಪ್ಯೂಟರುಗಳಿದ್ದವು.

ಇಂಥ ವರದಿಯ ಬೆಲೆ ಏನು ಅಂತ ರಾಯದುರ್ಗ, ಆದೋನಿ, ಮಡಕಶಿರದ ನಮಗೆ ಹತ್ತಿರದ ಒಂದು ಉದಾಹರಣೆ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಅನ್ನುವವರಲ್ಲವೇ ನಾವು. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರವನ್ನು, ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿದ್ದಾಗ, ತೋರಿಸಲು ಹೋಗಿ ಐಫೋನ್ ಮತ್ತು ಮ್ಯಾಕ್‌ಗಳ ಪ್ರೋಗ್ರಾಮುಗಳು ದಬದಬ ಬಿದ್ದವು. ವಾಟ್ಸಾಪ್ ಬಿತ್ತು, ಟ್ವಿಟರ್ ಬಿತ್ತು. ಹೊರಗಿನಿಂದ ನೋಡಿದವರಿಗೆ ಒಂದೊಂದೂ ಬೇರೆ ಬೇರೆ ಕೆಟ್ಟ ಹಾಗೆ. ಕ್ರ್ಯಾಶ್ ವರದಿ ಬಿಚ್ಚಿ ನೋಡಿದರೆ ದಾರಿ ಒಂದೇ ಕಡೆಗೆ ಹೋಗುತ್ತಿತ್ತು: ಅಕ್ಷರ ಬಿಡಿಸುವ ಆಪಲ್‌ನ ಕೋರ್ ಟೆಕ್ಸ್ಟ್ ಎಂಬ ಭಾಗಕ್ಕೆ. ಫೆಬ್ರವರಿ 19ಕ್ಕೆ ಐಓಎಸ್ 11.2.6ರಲ್ಲಿ ಸರಿಪಡಿಸಿದರು. ಪತ್ರಿಕೆಗಳು ಮಾತ್ರ ಅದನ್ನು 'ತೆಲುಗು ಬಗ್' ಎಂದೇ ಕರೆದವು. ಪಾಪ, ತೆಲುಗಿನ ತಪ್ಪೇನಿತ್ತು ಅದರಲ್ಲಿ?

ಆದರೆ ವರದಿ ನಮ್ಮ ಮನೆ ಬಿಟ್ಟು ಹೋದ ಮೇಲೆ ಯಾರ ಕೈಗೆ ಸಿಗುತ್ತದೆ? ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ವಿಂಡೋಸಿನ ಈ ವರದಿಗಳನ್ನು ದಾರಿಯಲ್ಲಿ ಹಿಡಿದು ನೋಡುತ್ತಿತ್ತು ಎಂದು 2013ರ ಡಿಸೆಂಬರಿನಲ್ಲಿ ಜರ್ಮನಿಯ ಡೇರ್ ಷ್ಪೀಗೆಲ್ ಪತ್ರಿಕೆ ಬರೆಯಿತು. ತಯಾರಕರಿಗೇ ಬಿಸಿ ತಟ್ಟುವ ಹಾಗೆ ಕಾಣಿಸಿದ್ದು 2023ರಲ್ಲಿ. ಹ್ಯಾಕರುಗಳು ಮೈಕ್ರೋಸಾಫ್ಟಿನ ಒಂದು ಗುಪ್ತ ಕೀಲಿ ಹಿಡಿದು ಸುಮಾರು 25 ಸಂಸ್ಥೆಗಳ ಇಮೇಲಿಗೆ ನುಗ್ಗಿದ್ದರು. ಆ ಕೀಲಿ 2021ರ ಏಪ್ರಿಲಿನ ಒಂದು ಕ್ರ್ಯಾಶ್ ಡಂಪಿನೊಳಗೆ ಸೇರಿ ಹೊರಬಿದ್ದಿರಬೇಕು ಎಂದು ಕಂಪನಿ ಸೆಪ್ಟೆಂಬರಿನಲ್ಲಿ ಹೇಳಿತು. ಆದರೆ 2024ರ ಮಾರ್ಚಿನಲ್ಲಿ ಅದೇ ಹೇಳಿಕೆಯನ್ನು ತಿದ್ದಿ, ಕೀಲಿ ಇರುವ ಅಂಥ ಡಂಪ್ ತಮಗೆ ಸಿಕ್ಕಿಲ್ಲ ಎಂದು ಒಪ್ಪಿಕೊಂಡಿತು.

ನನಗೆ ಇಷ್ಟವಾಗುವುದು ಮಧ್ಯದ ದಾರಿ. ವಿಂಡೋಸ್ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕಿನಿಂದ, ಅಂದರೆ 2008ರಿಂದ, ರಿಜಿಸ್ಟ್ರಿಯಲ್ಲಿ 'ಲೋಕಲ್‌ಡಂಪ್ಸ್' ಎಂಬ ಕೀಲಿ ಸೇರಿಸಿದರೆ ಡಂಪ್ ನಮ್ಮ ಡಿಸ್ಕಿನಲ್ಲೇ ಉಳಿಯುತ್ತದೆ. ತಾನಾಗಿ ಅದು ಚಾಲೂ ಇರುವುದಿಲ್ಲ; ಸೇರಿಸಲು ಅಡ್ಮಿನ್ ಹಕ್ಕು ಬೇಕು. ಎಲ್ಲಿ ಇಡಬೇಕು, ಎಷ್ಟು ಇಡಬೇಕು ಎಂದು ನಾವೇ ಹೇಳಬಹುದು. ಹೇಳದಿದ್ದರೆ ಬಳಕೆದಾರರ ಲೋಕಲ್ ಆಪ್‌ಡೇಟಾದೊಳಗೆ 'ಕ್ರ್ಯಾಶ್‌ಡಂಪ್ಸ್' ಎಂಬ ಫೋಲ್ಡರಿನಲ್ಲಿ 10 ಫೈಲಿನ ತನಕ ಇಟ್ಟುಕೊಳ್ಳುತ್ತದೆ. 'ಡಂಪ್‌ಟೈಪ್' 1 ಎಂದರೆ ಮಿನಿ, 2 ಎಂದರೆ ಪೂರ್ತಿ. ಕಳಿಸುವುದು ಬಿಡುವುದು ನಮ್ಮ ಕೈಯಲ್ಲಿ.

ನಾವು ಮಾಡಿದ್ದೂ ಅದನ್ನೇ. ಮೊದಲು ದಾನಿಗಳ ಪಟ್ಟಿ ಇದ್ದ ಪುಟದ ಪ್ರತಿಯೊಂದನ್ನು ಮಾಡಿ, ಅದರಲ್ಲಿದ್ದ ಹೆಸರು, ಫೋನ್ ನಂಬರು, ಕೊಟ್ಟ ಮೊತ್ತ ಎಲ್ಲ ತೆಗೆದು ಸುಳ್ಳು ಹೆಸರು ತುಂಬಿದೆವು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ, ಆ ಪ್ರತಿಯನ್ನಷ್ಟೇ ತೆರೆದು ಹೊಸ ಸಾಲು ಸೇರಿಸಿದೆವು. ಬಿತ್ತು! ಬಿದ್ದದ್ದಕ್ಕೆ ನಾವು ಚಪ್ಪಾಳೆ ಹೊಡೆದದ್ದು ಕೇಳಿ ಹೊರಗಿದ್ದವರು ಒಳಗೆ ಬಂದು ನೋಡಿದರು. ಫೋಲ್ಡರಿನಲ್ಲಿ ಒಂದು ಮಿನಿಡಂಪ್ ಇತ್ತು. ಅದನ್ನು ತಯಾರಕರಿಗೆ ಕಳಿಸಿ, ಜೊತೆಗೆ ಪ್ರೋಗ್ರಾಮಿನ ಸರಿಯಾದ ಆವೃತ್ತಿ ಸಂಖ್ಯೆಯನ್ನೂ ಬರೆದೆವು. ಆವೃತ್ತಿ ತಾಳೆಯಾಗದಿದ್ದರೆ ಅವರಿಗೂ ಅದು ಬರೀ ಅಂಕಿಗಳ ರಾಶಿ. ಉತ್ತರ ಇನ್ನೂ ಬರಬೇಕು. ಅಲ್ಲಿಯ ತನಕ ದಾನಿಗಳ ಪುಟವನ್ನು ಬೇರೆ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೇವೆ.