ಥೈರಾಯ್ಡ್ ಕಾಯಿಲೆಯುಳ್ಳವರು ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಗಮನಿಸಬೇಕಾದ ಅಂಶಗಳು

(ಚಿಕ್ಕಬಾಣಾವರ ಹಾಗೂ ಪೀಣ್ಯ ಸುತ್ತಮುತ್ತಲಿನ ಸಾರ್ವಜನಿಕರ ಮಾಹಿತಿಗಾಗಿ)

ಲೇಸಿಕ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ ಆಕಾರವನ್ನು ಲೇಸರ್ ಕಿರಣದಿಂದ ಬದಲಿಸಲಾಗುತ್ತದೆ. ತೆಗೆದ ಅಂಗಾಂಶವನ್ನು ಮರಳಿ ಸೇರಿಸಲಾಗದು. ಆದುದರಿಂದ ಹಾಶಿಮೋಟೋ ಅಥವಾ ಗ್ರೇವ್ಸ್ ಕಾಯಿಲೆಯುಳ್ಳವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಎಚ್ಚರಿಕೆ ಏಕೆ?
ಈ ಕಾಯಿಲೆಗಳಲ್ಲಿ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ವಿರುದ್ಧ ವರ್ತಿಸುತ್ತದೆ. ಇಂತಹವರಲ್ಲಿ ಕಣ್ಣು ಒಣಗುವ ತೊಂದರೆ ಹೆಚ್ಚು. ಲೇಸಿಕ್‌ನಲ್ಲಿ ಕಾರ್ನಿಯಾದ ನರಗಳು ತುಂಡಾಗುವುದರಿಂದ ಈ ತೊಂದರೆ ಕೆಲವು ತಿಂಗಳು ಉಲ್ಬಣಿಸಬಹುದು. ಕಣ್ಣುಗುಡ್ಡೆ ಮುಂದೆ ಚಾಚಿರುವುದು, ರೆಪ್ಪೆ ಪೂರ್ಣ ಮುಚ್ಚದಿರುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಲೇಸಿಕ್‌ನಿಂದ ಗುಣವಾಗುವುದಿಲ್ಲ. ಇವುಗಳಿಗೆ ಮೊದಲು ಚಿಕಿತ್ಸೆ ಪಡೆಯತಕ್ಕದ್ದು.

ಅರ್ಹತೆ ಮತ್ತು ಪರೀಕ್ಷೆಗಳು
1. 18 ವರ್ಷ ತುಂಬಿರಬೇಕು. ಕನ್ನಡಕದ ಪವರ್ ಕನಿಷ್ಠ 1 ವರ್ಷ ಸ್ಥಿರವಾಗಿರಬೇಕು.
2. ಟಿ.ಎಸ್.ಎಚ್. ಹತೋಟಿಯಲ್ಲಿರಬೇಕು. ವೈದ್ಯರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು.
3. ಶಿರ್ಮರ್ ಪರೀಕ್ಷೆಯಲ್ಲಿ ಕಾಗದದ ಪಟ್ಟಿಯು 5 ನಿಮಿಷದಲ್ಲಿ 5 ಮಿ.ಮೀ.ಗಿಂತ ಕಡಿಮೆ ತೇವವಾದಲ್ಲಿ ಅದು ತೀವ್ರ ಒಣಗಣ್ಣಿನ ಲಕ್ಷಣ.
4. ಮೃದು ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಳತೆಗೆ ಸುಮಾರು 2 ವಾರ ಮುಂಚೆ ನಿಲ್ಲಿಸಬೇಕು. ಗಡಸು ಲೆನ್ಸ್‌ಗೆ ಹೆಚ್ಚಿನ ಅವಧಿ ಅಗತ್ಯ.
5. ಸಂಧಿವಾತವಿದ್ದಲ್ಲಿ ಅಥವಾ ಸ್ಟೀರಾಯ್ಡ್ ಸೇವಿಸುತ್ತಿದ್ದಲ್ಲಿ ತಪ್ಪದೆ ತಿಳಿಸಬೇಕು.
6. ಧೂಮಪಾನವು ಥೈರಾಯ್ಡ್ ಸಂಬಂಧಿತ ಕಣ್ಣಿನ ಕಾಯಿಲೆಯನ್ನು ಉಲ್ಬಣಗೊಳಿಸುವುದರಿಂದ ತ್ಯಜಿಸತಕ್ಕದ್ದು.

ಕೊಂಡೊಯ್ಯಬೇಕಾದ ದಾಖಲೆಗಳು
ಥೈರಾಯ್ಡ್ ರಕ್ತಪರೀಕ್ಷೆಯ ವರದಿಗಳು, ಔಷಧ ಚೀಟಿ ಹಾಗೂ ಹಿಂದಿನ ಕನ್ನಡಕದ ಚೀಟಿಗಳು.

ಎಲ್ಲಿ ವಿಚಾರಿಸಬೇಕು?
ಥೈರಾಯ್ಡ್ ಚಿಕಿತ್ಸೆ ನೀಡುತ್ತಿರುವ ವೈದ್ಯರ ಅಭಿಪ್ರಾಯ ಪಡೆದ ನಂತರ, ಕಣ್ಣಿನ ತಪಾಸಣೆಗೆ ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಸಂಪರ್ಕಿಸಬಹುದಾಗಿದೆ.

ಸೂಚನೆ: ದೃಷ್ಟಿ ಮಂದವಾದಲ್ಲಿ ಅಥವಾ ಬಣ್ಣಗಳು ಮಾಸಿದಂತೆ ಕಂಡಲ್ಲಿ ಕೂಡಲೇ ನೇತ್ರ ತಜ್ಞರನ್ನು ಕಾಣತಕ್ಕದ್ದು. ಶಸ್ತ್ರಚಿಕಿತ್ಸೆ ಸೂಕ್ತವಲ್ಲವೆಂದು ವೈದ್ಯರು ತಿಳಿಸಿದಲ್ಲಿ ಕನ್ನಡಕವೇ ಸುರಕ್ಷಿತ ಮಾರ್ಗವೆಂದು ತಿಳಿಯಲು ಕೋರಲಾಗಿದೆ.