ಕೋಲ್ಕತ್ತಾದ ಮನೆತೋಟದಲ್ಲಿ ವಿಚ್ ಹೇಜಲ್ ಬೆಳೆಯುತ್ತಾ? ಬದಲಿಗೆ ಈ ಗಿಡ ನೆಡಿ

ಸ್ಕಿನ್ ಟೋನರ್ ಬಾಟಲಿಯ ಮೇಲೆ ನೀವು ಹೆಸರು ಕಂಡಿರಬಹುದಾದ ವಿಚ್ ಹೇಜಲ್, ಬರಿ ಕೊಂಬೆಯಲ್ಲಿ ಹಳದಿ ರಿಬ್ಬನ್‌ನಂಥ ಹೂ ಬಿಡುವ ಪೊದೆ. ಹಿಮ ಬೀಳುವ ದೇಶಗಳ ಮನೆತೋಟಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ಅರಳುತ್ತದೆ. ಕೋಲ್ಕತ್ತಾಗೆ ಹಣ ಕೊಟ್ಟು ತರಿಸಿದರೆ ನಷ್ಟವೇ. ಮೊಗ್ಗು ಬಿರಿಯಲು ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಇಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನವೇ ಸುಮಾರು 14 ಡಿಗ್ರಿ.

ಚಳಿಗಾಲಕ್ಕೆ ಹೂ ಬಿಡುವ ಪೊದೆಯೇ ಬೇಕೆಂದರೆ ಗೋರಂಟೆ ಇದೆ. ಮದರಂಗಿಯಲ್ಲ; ಬಂಗಾಳಿಗರ ಝಿಂಟಿ, ನಮ್ಮಲ್ಲಿ ಕೆಲವರು ಸ್ಫಟಿಕ ಎನ್ನುವ ಗಿಡ. ನೇರಳೆ, ಬಿಳಿ, ಪಟ್ಟೆ ಬಣ್ಣಗಳಲ್ಲಿ ಸಿಗುತ್ತದೆ. ಪರಿಮಳವಿಲ್ಲ, ಆದರೂ ಮುಡಿಯುವವರಿಗೆ ಇಷ್ಟ. ಮಳೆಗಾಲದ ಆರಂಭದಲ್ಲಿ ಗೇಣುದ್ದದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ತಾರಸಿಯಲ್ಲಾದರೆ 12 ಇಂಚಿನ ಕುಂಡ ಸಾಕು, ಬುಡದಲ್ಲಿ ನೀರು ನಿಲ್ಲಬಾರದು. ಅರ್ಧ ದಿನವಾದರೂ ಬಿಸಿಲು ಬೇಕು. ಹೂ ಮುಗಿದ ಮೇಲೆ, ಫೆಬ್ರವರಿಯ ಹೊತ್ತಿಗೆ, ಅರ್ಧಕ್ಕೆ ಕತ್ತರಿಸಿ. ಹೊಸ ಚಿಗುರಿನಲ್ಲೇ ಮುಂದಿನ ಹೂ ಬರುವುದರಿಂದ ಸೆಪ್ಟೆಂಬರ್ ನಂತರ ಕತ್ತರಿ ಹಾಕಬೇಡಿ.

ವಿಲಿಯಂ ಕೇರಿ 1820ರಲ್ಲಿ ಸ್ಥಾಪಿಸಿದ ಅಗ್ರಿ ಹಾರ್ಟಿಕಲ್ಚರಲ್ ಸೊಸೈಟಿಯ ತೋಟ ಅಲಿಪುರದಲ್ಲಿದೆ. ಗಿಡ ಕೊಳ್ಳುವ ಮುನ್ನ, ಚಳಿಗಾಲದಲ್ಲಿ ಅಲ್ಲಿ ಏನೇನು ಅರಳಿದೆ ಎಂದು ಒಮ್ಮೆ ನೋಡಿಬನ್ನಿ.